ಹೆಲ್ಸಿಂಕಿಯಲ್ಲಿ ಕಲ್ಲಿದ್ದಲಿನ ಜಾಗಕ್ಕೆ ಕರೆಂಟು: ನಮ್ಮ ಕಟ್ಟಡ ನಗರದ ಬಿಸಿನೀರಿನ ಜಾಲದಲ್ಲಿ ಉಳಿಯಬೇಕೇ, ಬಿಡಬೇಕೇ?

ಕಲ್ಲಿಯೋ ನಿವಾಸಿ

ಹೆಲ್ಸಿಂಕಿಯಲ್ಲಿರುವ, ಇಲ್ಲವೇ ಇಂಥ ವಿಷಯ ಬಲ್ಲ ಕನ್ನಡಿಗರ ಸಲಹೆ ಬೇಕು. ನಾವಿರುವುದು ನಗರದ ಕಲ್ಲಿಯೋ ಬಡಾವಣೆಯಲ್ಲಿ. ನಮ್ಮ ವಸತಿ ಸಂಘದ ವಾರ್ಷಿಕ ಸಭೆಗೆ ಒಂದು ಪ್ರಸ್ತಾವ ಬಂದಿದೆ: ನಗರದ ಡಿಸ್ಟ್ರಿಕ್ಟ್ ಹೀಟಿಂಗ್ ಸಂಪರ್ಕ ಕೈಬಿಟ್ಟು, ನೆಲದ ಶಾಖ ಎಳೆಯಲು ಅಂಗಳದಲ್ಲಿ ಬೋರ್ ಕೊರೆಸಿ, ನಮ್ಮದೇ ಹೀಟ್ ಪಂಪ್ (ನೆಲ, ನೀರು ಇಲ್ಲವೇ ಗಾಳಿಯ ಶಾಖವನ್ನು ಕರೆಂಟಿನಿಂದ ಎಳೆದು ಹೆಚ್ಚು ಬಿಸಿಗೆ ಏರಿಸುವ ಯಂತ್ರ) ಹಾಕಿಕೊಳ್ಳುವುದು.

ಊರಿನಲ್ಲಿರುವವರಿಗಾಗಿ ಹಿನ್ನೆಲೆ. ಇಲ್ಲಿನ ಫ್ಲ್ಯಾಟುಗಳಲ್ಲಿ ಮನೆಗೊಂದು ಹೀಟರ್ ಇರುವುದಿಲ್ಲ. ನಗರದ ಸ್ಥಾವರಗಳಲ್ಲಿ ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಕಟ್ಟಡದ ನೆಲಮಾಳಿಗೆಗೆ ಬರುತ್ತದೆ. ಅಲ್ಲಿರುವ ಶಾಖ ವಿನಿಮಯ ಯಂತ್ರ ಅದರ ಬಿಸಿಯನ್ನು ಕಟ್ಟಡದ ಒಳಗೆ ಸುತ್ತುವ ನೀರಿಗೆ ದಾಟಿಸುತ್ತದೆ. ತಣಿದ ನೀರು ಇನ್ನೊಂದು ಕೊಳವೆಯಲ್ಲಿ ವಾಪಸು ಹೋಗುತ್ತದೆ. ಹೆಲ್ಸಿಂಕಿಯ ತಾಪನದಲ್ಲಿ ಶೇಕಡಾ 90ರಷ್ಟು ಈ ಜಾಲದಿಂದಲೇ ನಡೆಯುತ್ತದೆ. ಅದರ ಖರ್ಚು ಸಂಘದ ಮಾಸಿಕ ನಿರ್ವಹಣಾ ಶುಲ್ಕದಲ್ಲಿ, ಮನೆಯ ಚದರ ಮೀಟರಿನ ಲೆಕ್ಕದಲ್ಲಿ ಸೇರಿರುತ್ತದೆ.

ಈ ನೀರನ್ನು ದಶಕಗಳ ಕಾಲ ಕಾಯಿಸಿದ್ದು ಬಹುಮಟ್ಟಿಗೆ ಕಲ್ಲಿದ್ದಲು. ಹನಸಾರಿ ಸ್ಥಾವರ 2023ರ ಏಪ್ರಿಲ್ 1ರಂದು ಮುಚ್ಚಿತು. ಸಲ್ಮಿಸಾರಿಯ ಕಲ್ಲಿದ್ದಲು ಘಟಕದ ಸರದಿ 2025ರ ಏಪ್ರಿಲ್ 1ರಂದು ಬಂತು. ದೇಶದ ಕಾನೂನು ಕೊಟ್ಟಿದ್ದ ಗಡುವು 2029ರ ಮೇ. ನಗರದ ಕಂಪನಿ ಹೆಲೆನ್ ನಾಲ್ಕು ವರ್ಷ ಮೊದಲೇ ಮುಗಿಸಿತು. ಈಗ ಅವರಲ್ಲಿಯೂ ಹೀಟ್ ಪಂಪ್, ವಿದ್ಯುತ್ ಬಾಯ್ಲರ್. ಹಾಗಾಗಿ ಸಂಘದ ಹಿರಿಯರೊಬ್ಬರ ವಾದ ಸರಳ: ಅವರೂ ಕರೆಂಟಿನಿಂದಲೇ ಕಾಯಿಸುವುದಾದರೆ ನಡುವೆ ಅವರೇಕೆ? ಕರೆಂಟಿನ ತಂತಿ ನಮ್ಮ ನೆಲಮಾಳಿಗೆಗೂ ಬಂದಿದೆಯಲ್ಲ?

ಇದಕ್ಕೆ ಏನು ಹೇಳುತ್ತೀರಿ?

ಶಕ್ತಿನಗರದ ನಿವೃತ್ತ

ಕಟ್ಟಡದ ಮಾತು ಆಮೇಲೆ. ಮೊದಲು ಈ ನಗರದವರು ಮಾಡಿದ್ದೇನು ಎಂದು ನೋಡಬೇಕು. ರಾಯಚೂರು ಶಾಖೋತ್ಪನ್ನ ಕೇಂದ್ರದ ಬಾಯ್ಲರುಗಳ ಮುಂದೆ ಸೇವೆ ಸವೆಸಿದವನು ನಾನು. ನಮ್ಮಂಥ ಕೇಂದ್ರದಲ್ಲಿ ಕಲ್ಲಿದ್ದಲಿನ ಶಾಖದ ಮೂರನೇ ಒಂದು ಭಾಗ ಕರೆಂಟಾದರೆ ದೊಡ್ಡ ಮಾತು. ಉಳಿದದ್ದು ಚಿಮಣಿಗೆ ಮತ್ತು ಕೂಲಿಂಗ್ ಟವರಿಗೆ. ರಾಯಚೂರಿನ ಬಿಸಿಲಿನಲ್ಲಿ ಆ ಶಾಖವನ್ನು ಕೊಳ್ಳುವವರು ಯಾರು? ಹನಸಾರಿಯವರು ಅದನ್ನೇ ಮಾರುತ್ತಿದ್ದರು: 220 ಮೆಗಾವ್ಯಾಟ್ ವಿದ್ಯುತ್ತು, ಜೊತೆಗೆ 420 ಮೆಗಾವ್ಯಾಟ್ ಬಿಸಿನೀರು. ಸುಟ್ಟ ಇಂಧನದಲ್ಲಿ ವ್ಯರ್ಥವಾಗುತ್ತಿದ್ದುದು ಹತ್ತನೇ ಒಂದು ಭಾಗದ ಆಸುಪಾಸು. ಹೊಗೆಯ ಮಾತು ಬಿಟ್ಟರೆ, ಎಂಜಿನಿಯರನಿಗೆ ಹೊಟ್ಟೆಕಿಚ್ಚು ತರಿಸುವ ಸ್ಥಾವರ.

ಅಂಥದ್ದನ್ನು ಮುಚ್ಚಿದರೆ ಗ್ರಿಡ್ಡಿಗೆ ಎರಡು ಕಡೆಯಿಂದ ಪೆಟ್ಟು. 220 ಕೈಬಿಟ್ಟು ಹೋಯಿತು. 420ನ್ನು ವಿದ್ಯುತ್ ಬಾಯ್ಲರಿನಿಂದ ತುಂಬಿಸಹೊರಟರೆ ಇನ್ನೊಂದು 420 ಬೇಕು. ಒಟ್ಟು 640ರ ವ್ಯತ್ಯಾಸ. ಹೀಟ್ ಪಂಪು ಒಂದು ಪಾಲು ಕರೆಂಟಿಗೆ ಮೂರು ಪಾಲು ಶಾಖದಂತೆ ಕೊಟ್ಟರೂ 140 ಬೇಕು, ಒಟ್ಟು 360. ಅದೂ ದೇಶವೆಲ್ಲ ಕರೆಂಟಿಗೆ ಕೈ ಚಾಚುವ ಚಳಿಗಾಲದಲ್ಲಿ. ಈ ಹೊರೆ ಹೊತ್ತವರು ಯಾರು? ಇನ್ನೊಂದು ಮಾತು: ಕರೆಂಟನ್ನು ನೇರವಾಗಿ ನೀರು ಕಾಯಿಸಲು ಸುರಿಯುವುದನ್ನು ನಮ್ಮ ಕಾಲದಲ್ಲಿ ಪಾಪವೆಂದೇ ಎಣಿಸುತ್ತಿದ್ದೆವು.

ಕೊಳವೆಜಾಲ

ಸರ್, ಆ ಪಾಪದ ತೂಕ ಯಾವ ಗಂಟೆಯಲ್ಲಿ ಮಾಡಿದಿರಿ ಎಂಬುದರ ಮೇಲಿದೆ. ನಾನು ಫಿನ್ಲೆಂಡಿನಲ್ಲಿ ಇದೇ ಕ್ಷೇತ್ರದಲ್ಲಿ ದುಡಿಯುವವನು. ಹೆಲೆನ್ ಕಂಪನಿಯವನಲ್ಲ, ಆದ್ದರಿಂದ ಯಾರ ಪರವಾಗಿಯೂ ವಕಾಲತ್ತು ವಹಿಸುತ್ತಿಲ್ಲ.

ಹೊರೆ ಹೊತ್ತದ್ದು ಅಣು ಮತ್ತು ಗಾಳಿ. 1,600 ಮೆಗಾವ್ಯಾಟಿನ ‘ಓಲ್ಕಿಲುವೊಟೊ 3’ ಎಂಬ ಅಣು ಸ್ಥಾವರ ವರ್ಷಗಟ್ಟಲೆ ತಡವಾಗಿ, 2023ರ ಏಪ್ರಿಲ್‌ನಲ್ಲಿ ನಿಯಮಿತ ಉತ್ಪಾದನೆಗೆ ಇಳಿಯಿತು. ಹನಸಾರಿ ಮುಚ್ಚಿದ ತಿಂಗಳೇ. ಗಾಳಿ ವಿದ್ಯುತ್ತಿನ ಸ್ಥಾಪಿತ ಸಾಮರ್ಥ್ಯ 2024ರ ಕೊನೆಗೆ 8,000 ಮೆಗಾವ್ಯಾಟ್ ದಾಟಿತ್ತು. ಗಾಳಿ ಜೋರಾಗಿ ಬೀಸುವ ರಾತ್ರಿಗಳಲ್ಲಿ ಇಲ್ಲಿ ಸಗಟು ಬೆಲೆ ಸೊನ್ನೆಗೆ ಇಳಿಯುತ್ತದೆ, ಎಷ್ಟೋ ಸಲ ಸೊನ್ನೆಗಿಂತಲೂ ಕೆಳಗೆ ಹೋಗುತ್ತದೆ. ಆ ಗಂಟೆಗಳಲ್ಲಿ ನೀರು ಕಾಯಿಸದಿದ್ದರೆ ಗಾಳಿಯಂತ್ರವನ್ನೇ ನಿಲ್ಲಿಸಬೇಕಾಗುತ್ತದೆ.

ವಿದ್ಯುತ್ ಬಾಯ್ಲರ್ ಎಂದೊಡನೆ ಸ್ನಾನದ ಮನೆಯ ಗೀಸರನ್ನು ನೆನೆಯಬೇಡಿ. ಇದರಲ್ಲಿ ಕಾಯಿಲ್ ಇಲ್ಲ. ಸಾವಿರಾರು ವೋಲ್ಟಿನ ಎಲೆಕ್ಟ್ರೋಡುಗಳ ನಡುವೆ ಕರೆಂಟು ನೀರಿನ ಮೂಲಕವೇ ಹರಿಯುತ್ತದೆ. ಬಿಸಿಯಾಗುವ ರೋಧಕವೂ ನೀರೇ. ಆ ನೀರಿನ ವಾಹಕತೆಯನ್ನು ಹದದಲ್ಲಿಡುವುದೇ ನಡೆಸುವವರ ಮುಖ್ಯ ಕೆಲಸ: ತೀರ ಶುದ್ಧವಾದರೆ ಕರೆಂಟು ಹರಿಯದು, ಲವಣ ಹೆಚ್ಚಾದರೆ ಒಳಗೆ ಕಿಡಿ ಹಾರುತ್ತದೆ. 50 ಮೆಗಾವ್ಯಾಟಿನ ಯಂತ್ರ ನಿಮಿಷಗಳಲ್ಲಿ ಪೂರ್ಣ ಹೊರೆಗೆ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಹೀಗೆ ಕೇಳಿದ ಕೂಡಲೇ ಏರಿಳಿಯುವವರಿಗೆ ಗ್ರಿಡ್ ನಡೆಸುವ ಫಿಂಗ್ರಿಡ್ ಹಣವನ್ನೂ ಕೊಡುತ್ತದೆ. ಕಲ್ಲಿದ್ದಲಿನ ಬಾಯ್ಲರಿನಿಂದ ಆ ಕುಣಿತ ಸಾಧ್ಯವೇ, ನೀವೇ ಹೇಳಿ.

ಇನ್ನು ಕಾಯಿಸಿದ ನೀರನ್ನು ಇಡುವ ಜಾಗ. ಮುಸ್ತಿಕ್ಕಮಾ ದ್ವೀಪದ ಬಂಡೆಯೊಳಗೆ ಹಿಂದೆ ತೈಲ ತುಂಬಿಡುತ್ತಿದ್ದ ಗುಹೆಗಳಿದ್ದವು. ಅವುಗಳಲ್ಲಿ ಈಗ 2,60,000 ಘನ ಮೀಟರ್ ಬಿಸಿನೀರು ನಿಲ್ಲುತ್ತದೆ. 11,600 ಮೆಗಾವ್ಯಾಟ್-ಗಂಟೆ ಶಾಖ ಹಿಡಿಯುತ್ತದೆ, 120 ಮೆಗಾವ್ಯಾಟಿನಂತೆ ಹೊರತೆಗೆದರೆ ನಾಲ್ಕು ದಿನ ಬರುತ್ತದೆ. ಕಲ್ಲಿಯೋದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಇದನ್ನು ಮಾಡಲಾದೀತೇ? ನಿಮ್ಮ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಅವರೂ ಕರೆಂಟು ಕೊಳ್ಳುತ್ತಾರೆ, ನೀವೂ ಕೊಳ್ಳುತ್ತೀರಿ. ಗಂಟೆಯನ್ನು ಆರಿಸಿಕೊಳ್ಳುವ ಅನುಕೂಲ ಅವರಿಗಿದೆ.

ಸರಸ್ವತಿಪುರಂ ಸಂಶಯಿ

ಬಿಸಿನೀರಿನ ಗುಹೆ, ಗಾಳಿಯ ಕರೆಂಟು, ಕೇಳಲು ಚೆನ್ನಾಗಿದೆ. ಸಲ್ಮಿಸಾರಿಯಲ್ಲಿ ಈಗ ಏನು ಸುಡುತ್ತಿದ್ದಾರೆ ಎಂಬುದನ್ನೂ ಹೇಳಿ. ನಾನು ಓದಿದ ಪ್ರಕಾರ ಮರ.

ಕೊಳವೆಜಾಲ

ನಿಜ. ಅಲ್ಲಿನ ಹಳೆಯ ಬಾಯ್ಲರೊಂದನ್ನು ಮರದ ಪೆಲೆಟ್‌ಗೆ, ಅಂದರೆ ಒತ್ತಿ ಮಾಡಿದ ಮರದ ಪುಡಿಯ ಗುಳಿಗೆಗೆ, ಬದಲಿಸಿದ್ದಾರೆ. ವುಒಸಾರಿಯಲ್ಲಿ ಮರದ ಚಕ್ಕೆ ಸುಡುವ 260 ಮೆಗಾವ್ಯಾಟಿನ ಹೊಸ ಸ್ಥಾವರವೇ ಎದ್ದಿದೆ. ಕಲ್ಲಿದ್ದಲು ಬಿಟ್ಟಿದ್ದು ಪೂರ್ತಿ ಕರೆಂಟಿನ ಬಲದಿಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಡುವ ಕೆಲಸವನ್ನೇ 2040ರೊಳಗೆ ನಿಲ್ಲಿಸುತ್ತೇವೆ ಎಂದು ಕಂಪನಿ ಹೇಳಿಕೊಂಡಿದೆ. ಅಲ್ಲಿಯವರೆಗೆ ಮರ ಉರಿಯುತ್ತದೆ. ಅದರಲ್ಲಿಯೂ ಒಂದು ತೊಡಕು ಬಂತು. ಫಿನ್ಲೆಂಡಿಗೆ ಮರದ ಚಕ್ಕೆ ರಷ್ಯಾದಿಂದಲೂ ಬರುತ್ತಿತ್ತು. 2022ರಲ್ಲಿ ಯುದ್ಧದ ಬೆನ್ನಿಗೇ ಅದು ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ರಷ್ಯಾದ ಕರೆಂಟು ಮತ್ತು ಅನಿಲ ಎರಡೂ ನಿಂತವು. ಹೀಟ್ ಪಂಪಿನ ಯೋಜನೆಗಳಿಗೆ ವೇಗ ಬಂದದ್ದರಲ್ಲಿ ಹಸಿರು ಕಾಳಜಿಯಷ್ಟೇ ಪಾಲು ಈ ಗಡಿಯ ಭಯಕ್ಕೂ ಇದೆ.

ಶಕ್ತಿನಗರದ ನಿವೃತ್ತ

ಬಾಯ್ಲರಿನ ಕಥೆ ಒಪ್ಪಿದೆ. ಹೀಟ್ ಪಂಪಿಗೆ ಶಾಖ ಎಲ್ಲಿಂದ?

ಕೊಳವೆಜಾಲ

ದೊಡ್ಡ ಮೂಲ ಕೊಳಚೆ ನೀರು. ಕಲ್ಲಿಯೋದವರು ಸಂಜೆ ಅಡ್ಡಾಡುವ ಕತ್ರಿ ವಾಲ ಉದ್ಯಾನದ ಅಡಿಯಲ್ಲಿ, ಬಂಡೆ ಕೊರೆದು ಮಾಡಿದ ಸಭಾಂಗಣದಂಥ ಜಾಗದಲ್ಲಿ, 2006ರಿಂದ ಹೀಟ್ ಪಂಪ್ ಸ್ಥಾವರ ನಡೆಯುತ್ತಿದೆ. ಆಮೇಲೆ ಹೊಸ ಪಂಪುಗಳೂ ಸೇರಿವೆ. ನಗರದ ಶುದ್ಧೀಕರಣ ಘಟಕದಿಂದ ಸಮುದ್ರಕ್ಕೆ ಹೊರಟ ನೀರಿನಲ್ಲಿ ಚಳಿಗಾಲದಲ್ಲಿಯೂ ಒಂದಿಷ್ಟು ಬೆಚ್ಚಗೆ ಉಳಿದಿರುತ್ತದೆ: ಜನರ ಸ್ನಾನದ ನೀರು, ಪಾತ್ರೆ ತೊಳೆದ ನೀರು. ಅದರ ಶಾಖವನ್ನು ಹಿಂಡಿ, 80 ಡಿಗ್ರಿ ದಾಟಿಸಿ, ಜಾಲಕ್ಕೆ ವಾಪಸು ಕೊಡುತ್ತಾರೆ. ಬೇಸಿಗೆಯಲ್ಲಿ ಅದೇ ಯಂತ್ರಗಳು ಕಚೇರಿ ಕಟ್ಟಡಗಳನ್ನು ತಣ್ಣಗಾಗಿಸುತ್ತವೆ. ಅಲ್ಲಿಂದ ಎಳೆದ ಶಾಖವೂ ಬಿಸಿನೀರಿಗೇ ಹೋಗುತ್ತದೆ.

ಶಕ್ತಿನಗರದ ನಿವೃತ್ತ

ಹಾಗಾದರೆ ಲೆಕ್ಕ ಮಾಡೋಣ. ಮೂಲ 10 ಡಿಗ್ರಿ ಎನ್ನಿ, ಅಂದರೆ 283 ಕೆಲ್ವಿನ್. ಕೊಡಬೇಕಾದದ್ದು 85 ಡಿಗ್ರಿ, 358 ಕೆಲ್ವಿನ್. ಅಂತರ 75. 358ನ್ನು 75ರಿಂದ ಭಾಗಿಸಿದರೆ 4.8ರ ಹತ್ತಿರ, ಯಾವ ಯಂತ್ರವೂ ದಾಟಲಾಗದ ಕಾರ್ನೋ ಮಿತಿ ಅದು. ಒಳ್ಳೆಯ ಯಂತ್ರ ಅದರ ಶೇಕಡಾ 60 ಮುಟ್ಟಿದರೆ ಒಂದು ಯೂನಿಟ್ ಕರೆಂಟಿಗೆ 2.9 ಯೂನಿಟ್ ಶಾಖ. ಮೊದಲು ಹೇಳಿದ ಮೂರು ಸರಿಯಾಗಿಯೇ ಇದೆ.

ಈಗ ಕೊಡುವ ನೀರನ್ನು 65 ಡಿಗ್ರಿಗೆ ಇಳಿಸಿ. 338 ಭಾಗಿಸು 55, ಅಂದರೆ 6.1, ಅದರ ಶೇಕಡಾ 60 ಎಂದರೆ 3.7. ಕಲ್ಲಿದ್ದಲಿನ ಕಾಲದಲ್ಲಿ 20 ಡಿಗ್ರಿ ಹೆಚ್ಚು ಬಿಸಿ ಕಳುಹಿಸಿದರೆ ಹೆಚ್ಚೇನೂ ನಷ್ಟವಿರಲಿಲ್ಲ. ಪಂಪಿನ ಕಾಲದಲ್ಲಿ ಪ್ರತಿ ಡಿಗ್ರಿಗೂ ದುಡ್ಡು. ನಿಮ್ಮ ಕಟ್ಟಡದ ರೇಡಿಯೇಟರುಗಳು ಎಷ್ಟು ಬಿಸಿ ನೀರು ಕೇಳುತ್ತವೆ? ಅಸಲು ಪ್ರಶ್ನೆ ಅದು.

ಕಲ್ಲಿಯೋ ನಿವಾಸಿ

ನೆಲಮಾಳಿಗೆಗೆ ಇಳಿದು ನೋಡಿದೆ. ಎರಡು ದಪ್ಪ ಕೊಳವೆಗಳು ಗೋಡೆಯೊಳಗಿಂದ ಬಂದು ಒಂದು ಲೋಹದ ಪೆಟ್ಟಿಗೆ ಸೇರುತ್ತವೆ. ಒಂದೊಂದರ ಮೇಲೂ ಮುಳ್ಳಿನ ತಾಪಮಾಪಕ. ಹೊರಗೆ ಸೊನ್ನೆಯ ಆಸುಪಾಸು ಚಳಿ. ನಗರದಿಂದ ಬರುವ ಕೊಳವೆಯಲ್ಲಿ 80ರ ಸಮೀಪ, ವಾಪಸು ಹೋಗುವುದರಲ್ಲಿ 45ರಷ್ಟು. ರೇಡಿಯೇಟರಿಗೆ ಹೊರಡುವ ನೀರು 50ರ ಸಮೀಪ. ಕಟ್ಟಡದ ಉತ್ತರ ಗೋಡೆಯ ಸೆನ್ಸರ್ ಹೊರಗಿನ ಚಳಿ ನೋಡಿಕೊಂಡು ಇದನ್ನು ಏರಿಸಿ ಇಳಿಸುತ್ತದೆಯಂತೆ. ಮೈನಸ್ 20ರಲ್ಲಿ 70ರವರೆಗೂ ಹೋಗುತ್ತದೆ ಎಂದು ನಿರ್ವಹಣೆಯವರು ಹೇಳಿದರು. ಹಳೆಯ ಕಟ್ಟಡ, ಹಳೆಯ ರೇಡಿಯೇಟರುಗಳು.

ಸ್ಟಾಕ್‌ಹೋಮ್ ಸೊಸೆ

ನೀವೆಲ್ಲ ಇದನ್ನು ಹೊಸ ಅವತಾರದಂತೆ ವರ್ಣಿಸುತ್ತಿದ್ದೀರಿ, ನನಗೆ ನಗು ಬರುತ್ತಿದೆ. ಸ್ವೀಡನ್ ಇದನ್ನು 1980ರ ದಶಕದಲ್ಲಿಯೇ ಮಾಡಿತ್ತು. ತೈಲ ಬಿಕ್ಕಟ್ಟಿನ ಬಿಸಿ ತಟ್ಟಿತ್ತು, ಅಣು ಸ್ಥಾವರಗಳು ಒಂದರ ಹಿಂದೆ ಒಂದು ಶುರುವಾಗಿ ಕರೆಂಟು ಮಿಕ್ಕುತ್ತಿತ್ತು. ಊರೂರಿನ ತಾಪನ ಜಾಲಗಳಿಗೆ ಹೀಟ್ ಪಂಪು, ವಿದ್ಯುತ್ ಬಾಯ್ಲರು ಬಂದವು. ನಮ್ಮ ರೊಪ್ಸ್ಟೆನ್ನಿನ ಸಮುದ್ರ ನೀರಿನ ಪಂಪುಗಳು ಆ ದಶಕದವೇ. ಹಮ್ಮರ್ಬಿಯಲ್ಲಿ ಕೊಳಚೆ ನೀರಿನವು ಇವೆ. ಆಮೇಲೆ ಕರೆಂಟು ತುಟ್ಟಿಯಾದಾಗ ಬಾಯ್ಲರುಗಳು ಮೂಲೆ ಸೇರಿದವು. ಪಂಪುಗಳು ಉಳಿದುಕೊಂಡವು, ಏಕೆಂದರೆ ಒಂದಕ್ಕೆ ಮೂರು ಕೊಡುವ ಯಂತ್ರ ದುಬಾರಿ ಕಾಲದಲ್ಲಿಯೂ ಬದುಕುತ್ತದೆ. ಸ್ಟಾಕ್‌ಹೋಮ್ ತನ್ನ ಕೊನೆಯ ಕಲ್ಲಿದ್ದಲು ಘಟಕವನ್ನು 2020ರ ಏಪ್ರಿಲ್‌ನಲ್ಲಿ ಮುಚ್ಚಿತು, ಆದರೆ ಇಲ್ಲಿಯೂ ದೊಡ್ಡ ಪಾಲು ಮರ ಮತ್ತು ಕಸದ್ದೇ.

ಅಗ್ಗದ ಕರೆಂಟು ಶಾಶ್ವತ ಎಂದು ನಂಬಿ ಬರೀ ಬಾಯ್ಲರುಗಳನ್ನು ಸಾಲಾಗಿ ನಿಲ್ಲಿಸುವ ನಗರಗಳನ್ನು ಕಂಡರೆ ನನಗೆ ಕನಿಕರ.

ವೈಟ್‌ಫೀಲ್ಡ್ ವಾಸಿ

ಡೇಟಾ ಸೆಂಟರುಗಳ ಶಾಖವನ್ನು ಹೀಗೆ ಬಳಸುತ್ತಾರೆ ಎಂದು ಕೇಳಿದ್ದೇನೆ. ನಮ್ಮಲ್ಲಿ ಅದನ್ನು ಹೊರಗೆ ಊದುವುದಕ್ಕೇ ಕರೆಂಟು ಸುರಿಯುತ್ತೇವೆ.

ಕೊಳವೆಜಾಲ

ಹೌದು, ಪಕ್ಕದ ಎಸ್ಪೂ ಪ್ರದೇಶದಲ್ಲಿ ಮೈಕ್ರೋಸಾಫ್ಟ್ ಕಟ್ಟುತ್ತಿರುವ ಕೇಂದ್ರಗಳ ಶಾಖವನ್ನು ಫೋರ್ಟಮ್ ಕಂಪನಿ ಜಾಲಕ್ಕೆ ಸೇರಿಸಿಕೊಳ್ಳುವ ಒಪ್ಪಂದ 2022ರಲ್ಲಿ ಆಯಿತು. ಸರ್ವರುಗಳಿಂದ ಬರುವ ಗಾಳಿ ಉಗುರು ಬೆಚ್ಚಗಷ್ಟೇ ಇರುತ್ತದೆ, ಅದನ್ನೂ ಪಂಪಿನಿಂದಲೇ ಮೇಲೆತ್ತಬೇಕು. ಬೆಂಗಳೂರಿನಲ್ಲಿ ಶಾಖಕ್ಕೆ ಗಿರಾಕಿ ಇಲ್ಲ. ನಮ್ಮ ದೇಶಕ್ಕೆ ಹೊಂದುವುದು ಇದರ ತಿರುವುಮುರುವು, ಗುಜರಾತಿನ ಗಿಫ್ಟ್ ಸಿಟಿಯಲ್ಲಿರುವಂತೆ ಕೊಳವೆಯಲ್ಲಿ ತಣ್ಣೀರು ಹಂಚುವುದು. ಅದಕ್ಕೆ ಬೇರೆಯೇ ಚರ್ಚೆ ತೆರೆಯಿರಿ, ಬರುತ್ತೇನೆ.

ಜಟ್ಲೆಂಡ್ ಕನ್ನಡಿಗ

ಡೆನ್ಮಾರ್ಕಿನ ಎಸ್ಬಿಯರ್ಗ್ ಬಂದರನ್ನು ಬಿಟ್ಟು ಈ ವಿಷಯ ಮಾತಾಡಲಾಗದು. ಅಲ್ಲಿನ ಕಲ್ಲಿದ್ದಲು ಸ್ಥಾವರ 2024ರಲ್ಲಿ ನಿಂತಿತು. ಅದರ ಜಾಗಕ್ಕೆ ಬಂದದ್ದು ಸಮುದ್ರದ ನೀರಿನಿಂದ ಶಾಖ ಎಳೆಯುವ 70 ಮೆಗಾವ್ಯಾಟಿನ ಪಂಪು, 60 ಮೆಗಾವ್ಯಾಟಿನ ಮರದ ಚಕ್ಕೆಯ ಬಾಯ್ಲರು, 40 ಮೆಗಾವ್ಯಾಟಿನ ವಿದ್ಯುತ್ ಬಾಯ್ಲರು. ಪಂಪಿನೊಳಗೆ ಸುತ್ತುವ ಅನಿಲ ಇಂಗಾಲದ ಡೈಆಕ್ಸೈಡ್. ಸೋರಿದರೂ ಸಮುದ್ರಕ್ಕೆ ವಿಷವಲ್ಲ. ಹೆಲ್ಸಿಂಕಿಯೂ ಸಮುದ್ರದ ದಂಡೆಯಲ್ಲಿಯೇ ಇದೆಯಲ್ಲ, ಅವರೇಕೆ ಕೊಳಚೆ ನೀರು, ಗಾಳಿ ಎಂದು ಹುಡುಕುತ್ತಾರೆ?

ಕೊಳವೆಜಾಲ

ಬಾಲ್ಟಿಕ್ ಸಮುದ್ರದ ಉಪ್ಪು ತೀರ ಕಡಿಮೆ. ನಾಲಿಗೆಗೆ ಹಚ್ಚಿದರೆ ಸಪ್ಪೆ. ಆದ್ದರಿಂದ ಸೊನ್ನೆಗಿಂತ ಒಂದಿಷ್ಟು ಕೆಳಗೆ ಹೋದೊಡನೆ ಹೆಪ್ಪುಗಟ್ಟುತ್ತದೆ. ಹೆಲ್ಸಿಂಕಿಯ ತೀರದಲ್ಲಿ ಆಳವೂ ಇಲ್ಲ. ಜನವರಿಯಲ್ಲಿ ದಂಡೆಯ ನೀರು ಆಗಲೇ ಸೊನ್ನೆಯ ಹತ್ತಿರ ಇರುತ್ತದೆ. ಅದರಿಂದ ಇನ್ನೂ ಶಾಖ ಕಿತ್ತರೆ ಯಂತ್ರದೊಳಗೆ ಮಂಜುಗಡ್ಡೆ. ಬೆಚ್ಚಗಿನ ನೀರು ಬೇಕೆಂದರೆ ಹೊರ ಸಮುದ್ರದ ತಳದವರೆಗೆ ಸುರಂಗ ಕೊರೆಯಬೇಕು, ಅದರ ಖರ್ಚು ನೋಡಿದವರು ಹಿಂದೆ ಸರಿಯುತ್ತಾರೆ.

ಹಾಗಾಗಿ ಈಗ ಗಾಳಿಯತ್ತ ತಿರುಗಿದ್ದಾರೆ. ಪತೊಲದಲ್ಲಿ ಹೊರಗಿನ ಗಾಳಿಯಿಂದಲೇ ಶಾಖ ಎಳೆಯುವ ಪಂಪಿಗೆ ಹೆಲೆನ್ ಆದೇಶ ಕೊಟ್ಟಿದೆ. ಹವೆ ನೋಡಿಕೊಂಡು 20ರಿಂದ 33 ಮೆಗಾವ್ಯಾಟ್, ಮೈನಸ್ 20 ಡಿಗ್ರಿಯವರೆಗೂ ಓಡಬೇಕು. ಪಕ್ಕದಲ್ಲಿ 50 ಮೆಗಾವ್ಯಾಟಿನ ಎರಡು ವಿದ್ಯುತ್ ಬಾಯ್ಲರುಗಳು. ಆ 20 ಮತ್ತು 33ರ ನಡುವಿನ ಅಂತರ ಗಮನಿಸಿ: ಬೇಡಿಕೆ ಏರಿದ ದಿನವೇ ಪಂಪಿನ ಕಸುವು ಇಳಿದಿರುತ್ತದೆ.

ಸರಸ್ವತಿಪುರಂ ಸಂಶಯಿ

ಅದನ್ನೇ ಕೇಳಬೇಕೆಂದಿದ್ದೆ. ಗಾಳಿಯಿಲ್ಲ, ಮೈಕೊರೆಯುವ ಚಳಿ, ವಾರವಿಡೀ. ಆಗ?

ಕೊಳವೆಜಾಲ

2024ರ ಜನವರಿ 5 ಅಂಥ ದಿನ. ಲ್ಯಾಪ್‌ಲ್ಯಾಂಡಿನಲ್ಲಿ ಮೈನಸ್ 44 ದಾಖಲಾಯಿತು, ಹೆಲ್ಸಿಂಕಿಯೂ ಹೆಪ್ಪುಗಟ್ಟಿತ್ತು. ಕರೆಂಟಿನ ಸಗಟು ಬೆಲೆ ದಿನದ ಸರಾಸರಿಯಲ್ಲಿಯೇ ಯೂನಿಟ್ಟಿಗೆ 89 ಸೆಂಟ್. ಸಂಜೆಯ ಒಂದು ಗಂಟೆಯಲ್ಲಿ, ತೆರಿಗೆ ಸೇರಿಸಿದರೆ, 2 ಯೂರೋ 35 ಸೆಂಟ್. ಆ ಸರಾಸರಿಯಲ್ಲಿ ಲೆಕ್ಕ ಹಾಕಿದರೆ ಒಂದಕ್ಕೆ ಮೂರು ಕೊಡುವ ಪಂಪಿನ ಶಾಖವೂ ಯೂನಿಟ್ಟಿಗೆ 30 ಸೆಂಟ್ ಬೀಳುತ್ತದೆ. ವಿದ್ಯುತ್ ಬಾಯ್ಲರನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. ಆ ದಿನ ಸಲ್ಮಿಸಾರಿಯ ಕಲ್ಲಿದ್ದಲು ಇನ್ನೂ ಉರಿಯುತ್ತಿತ್ತು, ಶಾಖವನ್ನೂ ಕೊಟ್ಟಿತು, ಚಿನ್ನದ ಬೆಲೆಯ ಕರೆಂಟನ್ನೂ ಮಾರಿತು. ಇನ್ನು ಮುಂದೆ ಅಂಥ ವಾರ ಬಂದರೆ ಆ ಆಸರೆ ಇಲ್ಲ. ಗುಹೆಯ ನೀರು, ಮರದ ಪೆಲೆಟ್, ಅವೂ ಸಾಲದಾದಾಗ ಅನಿಲ ಮತ್ತು ತೈಲದ ಹಳೆಯ ಬಾಯ್ಲರುಗಳು. ವರ್ಷದ ಒಟ್ಟು ಶಾಖದಲ್ಲಿ ಅವುಗಳ ಪಾಲು ಸಣ್ಣದು, ಆದರೆ ಆ ಬಾಯ್ಲರುಗಳನ್ನು ಇಟ್ಟುಕೊಂಡಿರಲೇಬೇಕು. ಅದರ ಖರ್ಚು ನಮ್ಮ ಬಿಲ್ಲಿನ ಸ್ಥಿರ ಶುಲ್ಕದಲ್ಲಿ ಕೂತಿರುತ್ತದೆ. ಸಂಶಯಿಗಳು ಇಷ್ಟು ಕೇಳಿದ್ದು ಒಳ್ಳೆಯದೇ ಆಯಿತು. ಕಂಪನಿಗಳ ಜಾಹೀರಾತಿನಲ್ಲಿ ಈ ಸಾಲು ಇರುವುದಿಲ್ಲ.

ಶಕ್ತಿನಗರದ ನಿವೃತ್ತ

ಕಲ್ಲಿದ್ದಲನ್ನು ನಿಜವಾಗಿ ಓಡಿಸಿದ್ದು ಯಾವುದು, ಕಾನೂನೋ ಬೆಲೆಯೋ?

ಕೊಳವೆಜಾಲ

ನನ್ನ ಅಭಿಪ್ರಾಯದಲ್ಲಿ ಬೆಲೆ. ಕಲ್ಲಿದ್ದಲಿನಿಂದ ಒಂದು ಮೆಗಾವ್ಯಾಟ್-ಗಂಟೆ ಶಾಖ ಬಂದರೆ 340 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದನ್ನು ಹೊರಬಿಡಲು ಕೊಳ್ಳಬೇಕಾದ ಯುರೋಪಿನ ಇಂಗಾಲ ಪರವಾನಗಿ ಟನ್ನಿಗೆ 80 ಯೂರೋ ಇದ್ದರೆ, ಇಂಧನ ಕೊಳ್ಳುವ ಮೊದಲೇ 27 ಯೂರೋ ತೆರಬೇಕು. 2023ರ ಫೆಬ್ರವರಿಯಲ್ಲಿ ಆ ಪರವಾನಗಿ 100 ಯೂರೋ ದಾಟಿತ್ತು. ಅದರ ಮೇಲೆ ದೇಶದ ಇಂಧನ ತೆರಿಗೆ ಬೇರೆ. ಮತ್ತೊಂದು ಕಡೆ, ತಾಪನ ಜಾಲಕ್ಕೆ ಶಾಖ ಕೊಡುವ ದೊಡ್ಡ ಹೀಟ್ ಪಂಪುಗಳಿಗೆ ಮತ್ತು ವಿದ್ಯುತ್ ಬಾಯ್ಲರುಗಳಿಗೆ 2022ರಲ್ಲಿ ಕರೆಂಟಿನ ತೆರಿಗೆ ಇಳಿಸಿದರು. ಯೂನಿಟ್ಟಿಗೆ ಸುಮಾರು 2.25 ಸೆಂಟ್ ಇದ್ದದ್ದು 0.06ಕ್ಕೆ ಬಂತು. ಬಾಯ್ಲರ್ ಕಟ್ಟುವವರ ಸಾಲು ಹೆಚ್ಚಿದ್ದು ಆಮೇಲೆಯೇ.

ಕಲ್ಲಿಯೋ ನಿವಾಸಿಗಳೇ, ನಿಮ್ಮ ಹಿರಿಯರಿಗೆ ಇದನ್ನು ಹೇಳಿ. ಕಟ್ಟಡದ ಸ್ವಂತ ಪಂಪಿಗೆ ಆ ರಿಯಾಯಿತಿ ಇಲ್ಲ. ತೆರಿಗೆಯೂ ಚಿಲ್ಲರೆ ದರದ್ದು, ತಂತಿಯ ಸಾಗಣೆ ಶುಲ್ಕವೂ ಚಿಲ್ಲರೆ ದರದ್ದು.

ಸ್ಟಾಕ್‌ಹೋಮ್ ಸೊಸೆ

ಹಾಗೆಂದು ನಗರದ ಜಾಲವೇ ಲಾಭ ಎಂದು ತೀರ್ಪು ಕೊಡಬೇಡಿ. ಸ್ಪರ್ಧೆಯಿಲ್ಲದ ಒಬ್ಬನೇ ಮಾರಾಟಗಾರ ಬೆಲೆ ಏರಿಸಿದರೆ ಏನು ಮಾಡುವಿರಿ? ನಮ್ಮ ನೆರೆಯ ಕಟ್ಟಡದವರು ಬೇಸತ್ತು ಬೋರ್ ಕೊರೆಸಿಕೊಂಡರು. ಸಾಲ ತೀರುವವರೆಗೆ ಶುಲ್ಕ ಏರಿತ್ತು, ಈಗ ನಮಗಿಂತ ಕಡಿಮೆ ಕಟ್ಟುತ್ತಾರೆ. ನಾವು ಬಿಟ್ಟು ಹೋಗಬಹುದು ಎಂಬ ಭಯ ಕಂಪನಿಗೆ ಇರುವುದು ಒಳ್ಳೆಯದು.

ಕೊಳವೆಜಾಲ

ಮೇಡಂ, ಒಪ್ಪುತ್ತೇನೆ. ಆದರೆ ಅಂಗಳ ನೋಡಿ ಮಾತಾಡಬೇಕು. ಬೋರ್ ಒಂದೊಂದೂ 300 ಮೀಟರಿನಷ್ಟು ಆಳ, ಒಂದರಿಂದ ಒಂದು 15-20 ಮೀಟರ್ ದೂರ. ಹತ್ತಿರ ಕೊರೆದರೆ ಒಂದರ ಶಾಖವನ್ನು ಇನ್ನೊಂದು ಕದಿಯುತ್ತದೆ, ವರ್ಷಗಳು ಕಳೆದಂತೆ ಬಂಡೆ ತಣಿಯುತ್ತದೆ. ಕಲ್ಲಿಯೋದಲ್ಲಿ ಕಟ್ಟಡಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಅಂಗಳವೆಂದರೆ ಸೈಕಲ್ ನಿಲ್ಲಿಸುವಷ್ಟು ಜಾಗ. ಮೇಲಾಗಿ ಹೆಲ್ಸಿಂಕಿಯಲ್ಲಿ ನೆಲದಡಿಗೂ ನಗರ ಯೋಜನೆ ಇದೆ. ಮೆಟ್ರೋ, ಸುರಂಗ, ಆಶ್ರಯ ಗುಹೆ ಇರುವ ಕಡೆ, ಮುಂದೆ ಬರಲಿರುವ ಕಡೆಯೂ, ಕೊರೆಯಲು ಬಿಡುವುದಿಲ್ಲ. ಗುತ್ತಿಗೆದಾರರ ದರಪಟ್ಟಿ ತರಿಸುವ ಮೊದಲು ಆ ನಕ್ಷೆ ನೋಡಿ.

ಇನ್ನೊಂದು, ಇಂಥ ಪಂಪನ್ನು ಸಾಮಾನ್ಯವಾಗಿ ಗರಿಷ್ಠ ಬೇಡಿಕೆಯ ಅರ್ಧಕ್ಕೋ ಮುಕ್ಕಾಲಿಗೋ ಲೆಕ್ಕ ಹಾಕಿ ಹಾಕುತ್ತಾರೆ. ಅದರ ಮೇಲಿನದ್ದನ್ನು ತುಂಬುವುದು ವಿದ್ಯುತ್ ಕಾಯಿಲ್. 70 ಡಿಗ್ರಿ ಕೇಳುವ ನಿಮ್ಮ ರೇಡಿಯೇಟರುಗಳಿಗೆ ಆ ಕಾಯಿಲ್ ಬೇಕಾಗುವುದು ಜನವರಿ 5ರಂಥ ಸಂಜೆಯಲ್ಲಿಯೇ.

ಶಕ್ತಿನಗರದ ನಿವೃತ್ತ

ಬೀದಿಯ ಕಟ್ಟಡಗಳೆಲ್ಲ ಹೀಗೆಯೇ ಮಾಡಿದರೆ ಆ ಕಾಯಿಲುಗಳೆಲ್ಲ ಒಂದೇ ಸಂಜೆ ಹೊತ್ತಿಕೊಳ್ಳುತ್ತವೆ. ಆ ಬೀದಿಯ ಟ್ರಾನ್ಸ್‌ಫಾರ್ಮರ್ ನನ್ನದಲ್ಲ ಎಂಬುದೇ ನನ್ನ ಸಮಾಧಾನ.

ಸಂಘದ ಸಭೆಗೆ ನನ್ನ ಸಲಹೆ ಕೇಳಿದರೆ: ಬೋರ್ ಬೇಕೋ ಬೇಡವೋ ಎಂಬುದನ್ನು ಈ ವರ್ಷವೇ ಮತಕ್ಕೆ ಹಾಕಬೇಡಿ. ವಾಪಸು ಹೋಗುವ ನೀರು 45 ಡಿಗ್ರಿ ಎಂದಿರಿ, ಅದು ಹೆಚ್ಚು. ರೇಡಿಯೇಟರುಗಳ ಹರಿವನ್ನು ಮಹಡಿ ಮಹಡಿಗೂ ಸರಿಹೊಂದಿಸಿದರೆ, ಕೆಟ್ಟ ವಾಲ್ವುಗಳನ್ನು ಬದಲಿಸಿದರೆ ಅದು ಇಳಿಯುತ್ತದೆ. ರೇಡಿಯೇಟರಿಗೆ ಹೋಗುವ ನೀರನ್ನೂ ಇಳಿಸಬಹುದು. ನಗರದ ಪಂಪಿಗೂ ಅದು ಲಾಭ, ನಾಳೆ ಸ್ವಂತ ಪಂಪು ಹಾಕಿದರೂ ಲಾಭ, ಖರ್ಚು ಬೋರಿನ ಒಂದು ಪಾಲೂ ಅಲ್ಲ.

ಕಲ್ಲಿಯೋ ನಿವಾಸಿ

ಸರ್, ಇದು ಸಭೆಯಲ್ಲಿ ಇಡಬಹುದಾದ ಮಾತು. ನಮ್ಮ ಮೂರನೇ ಮಹಡಿಯಲ್ಲಿ ಕಿಟಕಿ ತೆರೆದು ಮಲಗುತ್ತಾರೆ, ನೆಲಮಹಡಿಯ ಅಜ್ಜಿ ಸ್ವೆಟರ್ ಬಿಚ್ಚುವುದಿಲ್ಲ. ಹರಿವು ಸರಿಯಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮೀಟರಿನ ಗಂಟೆವಾರು ಅಂಕಿಗಳನ್ನು ಕಂಪನಿಯ ಜಾಲತಾಣದಿಂದ ಇಳಿಸಿಕೊಳ್ಳಬಹುದು ಎಂದು ನಿರ್ವಹಣೆಯವರು ಹೇಳಿದ್ದಾರೆ. ನೆಲದಡಿಯ ನಕ್ಷೆಗೆ ನಗರ ಕಚೇರಿಗೆ ಬರೆಯುತ್ತೇನೆ.

ಶಕ್ತಿನಗರದ ನಿವೃತ್ತ

ಅಂಕಿಗಳು ಸಿಕ್ಕರೆ ಇಲ್ಲಿ ಹಾಕಿ. ಕಳೆದ ಚಳಿಗಾಲದ ಅತಿ ತಣ್ಣನೆಯ ವಾರದ್ದು ಪ್ರತ್ಯೇಕವಾಗಿರಲಿ, ಹೋಗುವ ಬರುವ ಎರಡೂ ನೀರಿನ ತಾಪಮಾನದ ಜೊತೆಗೆ. ಹರಿವು ಗಂಟೆಗೆ ಎಷ್ಟು ಘನ ಮೀಟರ್ ಎಂಬ ಕಾಲಮ್ಮೂ ಇರುತ್ತದೆ, ಅದನ್ನು ಬಿಟ್ಟುಬಿಡಬೇಡಿ.